ಬಾಯಿಗೆ ಮುಲಾಮು, ಸಂಚಿಗೆ ಬುಷ್ಷು

ಒಂದು ಮಾತು ಕೇಳುತ್ತೇನೆ, ನಿಜ ಹೇಳಬೇಕು. ನೀವು ಎಚ್ಚರವಾಗಿದ್ದು, ಯಾರ ಮೇಲೂ ಮುನಿಸಿಕೊಳ್ಳದೆ, ಅರ್ಧ ಗಂಟೆ ಪೂರ್ತಿ ಬಾಯಿ ಮುಚ್ಚಿಕೊಂಡು ಕೂತದ್ದು ಯಾವತ್ತು? ನಿದ್ದೆ ಲೆಕ್ಕಕ್ಕಿಲ್ಲ. ಟಿವಿ ನೋಡಿದ್ದೂ ಲೆಕ್ಕಕ್ಕಿಲ್ಲ, ಜಾಹೀರಾತು ಬಂದ ಕೂಡಲೇ ನೀವು ಬಾಯಿ ತೆರೆದೇ ತೆರೆಯುತ್ತೀರಿ. ಯೋಚಿಸಿ ನೋಡಿ. ಒಂದು ದಿನವೂ ಸಿಗಲಿಲ್ಲ ತಾನೆ? ನಾನು ದಿನಕ್ಕೆ ನಾಲ್ಕು ಸಲದಂತೆ ಎರಡು ತಿಂಗಳು ಕೂತಿದ್ದೇನೆ. ಇದನ್ನು ನಮ್ಮ ಲಗ್ಗೆರೆಯ ರಸ್ತೆಯಲ್ಲಿ ಹೇಳಿದರೆ ಒಬ್ಬರೂ ನಂಬುವುದಿಲ್ಲ. ಹಾಲಿನವನಂತೂ ನಮ್ಮ ಯಜಮಾನರನ್ನು "ಅಮ್ಮ ಊರಿಗೆ ಹೋಗಿದಾರಾ?" ಎಂದೇ ಕೇಳಿದ. ನಾನು ಬಾಗಿಲಲ್ಲೇ ನಿಂತಿದ್ದೆ. ಸದ್ದು ಬರಲಿಲ್ಲವಾದ್ದರಿಂದ ಅವನಿಗೆ ಕಾಣಿಸಲಿಲ್ಲ.

ಆ ಅರ್ಧರ್ಧ ಗಂಟೆಗಳ ಪುಣ್ಯದಿಂದಲೇ ನಾನು ಫೋನಿನಲ್ಲಿ ಟೈಪ್ ಮಾಡುವುದನ್ನು ಕಲಿತೆ. ಸೊಸೆ ಸುಮಾ ಮೊದಲು ಸುಲಭದ ದಾರಿ ತೋರಿಸಿದಳು. "ಅತ್ತೆ, ಈ ಮೈಕ್ ಒತ್ತಿ ಮಾತಾಡಿದ್ರೆ ಸಾಕು, ಅದೇ ಬರ್ಕೊಳ್ಳುತ್ತೆ." ಮಾತಾಡುವ ಹಾಗಿದ್ದರೆ ಬರೆಯುವ ಕರ್ಮ ನನಗೇಕಮ್ಮಾ! ಕೊನೆಗೆ ಬಲಗೈ ತೋರುಬೆರಳನ್ನೇ ನಂಬಿ ಹೊರಟೆ. ಒಂದು ವಾರ ಅಕ್ಷರ ಹುಡುಕುವುದರಲ್ಲೇ ಕಳೆಯಿತು. ಈಗ ನೋಡಿ, ಹಪ್ಪಳ ಒತ್ತಿದ ಹಾಗೆ ಒತ್ತುತ್ತಾ ಹೋಗುತ್ತೇನೆ. ಇವತ್ತಂತೂ ಬೆರಳು ನಿಲ್ಲುತ್ತಲೇ ಇಲ್ಲ. ಅಂಥ ಸುದ್ದಿಯೊಂದು ಬೆಳಿಗ್ಗೆ ಸಿಕ್ಕಿದೆ. ತಡೆಯಿರಿ, ಅದು ಕೊನೆಗೆ. ಊಟಕ್ಕೆ ಮೊದಲೇ ಪಾಯಸ ಬಡಿಸುವ ಮನೆ ನಮ್ಮದಲ್ಲ.

ಬಾಯಿ ಮುಚ್ಚಿದ್ದೇಕೆ ಎಂದು ಮೊದಲು ಹೇಳಬೇಕು. ನನ್ನ ನಾಲಿಗೆಯ ಬುಡದಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಚುಚ್ಚಿ ನೋಡಿದರು, ಕ್ಯಾನ್ಸರ್ ಎಂದರು. ಊಟವಾದ ಮೇಲೆ ಎಲೆ ಅಡಿಕೆ, ಅದರೊಳಗೆ ಯಾರಿಗೂ ಕಾಣದಂತೆ ಒಂದು ಚಿಟಿಕೆ ಹೊಗೆಸೊಪ್ಪು, ಇದು ನಲವತ್ತು ವರ್ಷದ ನನ್ನ ಗುಟ್ಟು. ಡಾಕ್ಟರಮ್ಮನ ಮುಂದೆ ಆ ಗುಟ್ಟು ಐದೇ ನಿಮಿಷದಲ್ಲಿ ಹೊರಗೆ ಬಿತ್ತು. ನಮ್ಮ ಯಜಮಾನರು ಪಕ್ಕದಲ್ಲೇ ಕೂತಿದ್ದರು. "ಹೊಗೆಸೊಪ್ಪಾ? ಯಾವಾಗಿಂದ?" ಎಂದರು. "ನೀವು ಫಸ್ಟ್ ಶಿಫ್ಟಿಗೆ ಹೋಗ್ತಿದ್ದಾಗಿಂದ" ಎಂದೆ. ಅವರು ರಿಟೈರಾಗಿಯೇ ಹದಿನಾಲ್ಕು ವರ್ಷ. ಅಂದಿನಿಂದ ನನ್ನ ಎಲೆ ಅಡಿಕೆಯ ಸಂಚಿ, ನನ್ನ ಅಮ್ಮ ಹೊಲಿದುಕೊಟ್ಟ ಕೆಂಪು ಬಟ್ಟೆಯ ಚೀಲ, ಬೀರುವಿನಲ್ಲಿ ಸೀರೆಗಳ ಕೆಳಗೆ ಸೇರಿತು. ಅದನ್ನು ಮರೆಯಬೇಡಿ, ಮುಂದೆ ಅದಕ್ಕೆ ದೊಡ್ಡ ಪಾತ್ರವಿದೆ.

ಚಿಕಿತ್ಸೆ ಏಳು ವಾರ. ವಾರಕ್ಕೆ ಐದು ದಿನ ರೇಡಿಯೇಷನ್, ಒಂದು ದಿನ ಡ್ರಿಪ್ಪಿನಲ್ಲಿ ಕೀಮೋ. ರೇಡಿಯೇಷನ್ ಕೊಡುವಾಗ ಅಲುಗಾಡಬಾರದೆಂದು ನನ್ನ ಮುಖದ ಅಳತೆಗೇ ಒಂದು ಜಾಲರಿ ಮುಖವಾಡ ಮಾಡಿಸಿದರು. ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶಕ್ಕೆ ಕಟ್ಟುವ ದೇವಿಯ ಮುಖ ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತದೆ, ಎಲ್ಲರ ಮನೆಯ ಲಕ್ಷ್ಮಿಗೂ ಒಂದೇ ಮೂಗು. ನನಗೆ ಮಾತ್ರ ನನ್ನದೇ ಮೂಗಿನದು. ಆ ಗರ್ವದಲ್ಲಿ ಎರಡು ವಾರ ಕಳೆದವು. ಮೂರನೆಯ ವಾರ ಬಾಯಿಯೊಳಗೆ ಹುಣ್ಣು ಶುರುವಾಯಿತು.

ಹುಣ್ಣೆಂದರೆ ನಿಮಗೆ ಉಷ್ಣವಾದಾಗ ತುಟಿಯ ಒಳಗೆ ಬರುತ್ತದಲ್ಲ, ಆ ಮರ್ಯಾದಸ್ಥ ಹುಣ್ಣು ನೆನಪಾಗಬಹುದು. ಇದು ಆ ಜಾತಿಯದಲ್ಲ. ಕೆನ್ನೆ, ನಾಲಿಗೆ, ಗಂಟಲು ಎಲ್ಲವೂ ಸುಲಿದ ಟೊಮೇಟೊ ಹಾಗೆ. ನೀರು ಕುಡಿದರೆ ಉರಿ, ಎಂಜಲು ನುಂಗಿದರೆ ಉರಿ. ಮೊಸರನ್ನ ಕೂಡ ಹಪ್ಪಳದ ಚೂರಿನ ಹಾಗೆ ಚುಚ್ಚಿತು. ನಾನು ಉಣ್ಣುವುದು ನಿಂತಿತು, ತೂಕ ಇಳಿಯಿತು. ಐವತ್ತನಾಲ್ಕು ಕೆಜಿ ಇದ್ದವಳು ಐವತ್ತೊಂದಕ್ಕೆ ಬಂದೆ.

ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ಹೆಡ್ ಮಿಸ್ಸು. "ಅಮ್ಮ, ಐವತ್ತರ ಕೆಳಗೆ ಇಳಿದ್ರೆ ಮೂಗಿಂದ ಹೊಟ್ಟೆಗೆ ಟ್ಯೂಬ್ ಹಾಕ್ಬೇಕಾಗುತ್ತೆ. ಇನ್ನೂ ಸುಸ್ತಾದ್ರೆ ಟ್ರೀಟ್‌ಮೆಂಟ್ ಮಧ್ಯೆ ನಿಲ್ಲಿಸ್ಬೇಕಾಗುತ್ತೆ. ನಿಲ್ಸೋದು ನನಗಿಷ್ಟ ಇಲ್ಲ" ಎಂದರು.

ಟ್ಯೂಬನ್ನು ನಾನು ನೋಡಿದ್ದೆ. ನಮ್ಮ ಸಾಲಿನಲ್ಲೇ ಕೂರುತ್ತಿದ್ದ ಒಬ್ಬ ಗಂಡಸಿಗೆ ಹಾಕಿದ್ದರು. ಪಾಪ, ಆತ ಆರಾಮವಾಗಿ ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದ. ಆತನ ಹೆಂಡತಿ ಸಿರಿಂಜಿನಿಂದ ಹಾಲು ಬಿಟ್ಟರೆ ಆತ ಸ್ಕೋರ್ ಹೇಳುತ್ತಿದ್ದ. ಆತನಿಗೆ ಅದರಿಂದ ಜೀವ ಬಂದಿತ್ತು, ಒಪ್ಪುತ್ತೇನೆ. ಆದರೆ ನಾನು ಅರವತ್ತೆಂಟು ವರ್ಷ ಬಾಯಿಂದಲೇ ಬದುಕಿದವಳು. ಉಣ್ಣುವುದೂ ಬಾಯಿಂದ, ಬೈಯುವುದೂ ಬಾಯಿಂದ. ಮನೆಯ ಸಾರಿಗೆ ಉಪ್ಪು ನೋಡುವುದು ನಾನೇ. ಮೂಗಿನಲ್ಲಿ ಉಪ್ಪು ನೋಡಲಿಕ್ಕಾಗುತ್ತದೆಯೇ? ಟ್ಯೂಬ್ ಬೇಡವೇ ಬೇಡ ಎಂದು ಮನಸ್ಸಿನಲ್ಲೇ ಕಚ್ಚೆ ಕಟ್ಟಿದೆ.

ಆಗ ಡಾಕ್ಟರಮ್ಮ ಒಂದು ಸಣ್ಣ ಟ್ಯೂಬು ಕೊಟ್ಟರು. ಇದು ಬೇರೆ ಟ್ಯೂಬು, ಟೂತ್‌ಪೇಸ್ಟಿನ ತಂಗಿಯಂಥದ್ದು. "ಇದು ಆಂಟಿಆಕ್ಸಿಡೆಂಟ್ ಜೆಲ್. ರೇಡಿಯೇಷನ್ ಬಿದ್ದಾಗ ಬಾಯಿ ಒಳಗೆ ಒಂಥರಾ ಕಿಡಿ ಏಳುತ್ತೆ ಅಂದ್ಕೊಳಿ. ಗಂಟನ್ನೂ ಸುಡುತ್ತೆ, ಪಕ್ಕದ ಒಳ್ಳೆ ಚರ್ಮಾನೂ ಸುಡುತ್ತೆ. ಇದನ್ನ ಹುಣ್ಣಿನ ಮೇಲೆ ಹಚ್ಚಿದ್ರೆ ಅಲ್ಲೇ ಕೂತ್ಕೊಂಡು ಆ ಕಿಡೀನ ಸ್ವಲ್ಪ ತಣ್ಣಗೆ ಮಾಡ್ಬೋದು. ಕೆಲವ್ರಿಗೆ ಚೆನ್ನಾಗಿ ಉಪಯೋಗ ಆಗುತ್ತೆ, ಕೆಲವ್ರಿಗೆ ಅಷ್ಟಕ್ಕಷ್ಟೆ. ಪ್ರಯತ್ನ ಮಾಡೋಣ. ಮೊದ್ಲು ಉಪ್ಪು ಸೋಡಾ ನೀರಲ್ಲಿ ಬಾಯಿ ಮುಕ್ಕಳಿಸ್ಬೇಕು, ಆಮೇಲೆ ಜೆಲ್. ಹಚ್ಚಿದ ಮೇಲೆ ಅರ್ಧ ಗಂಟೆ ತಿನ್ನೋ ಹಾಗಿಲ್ಲ, ಕುಡಿಯೋ ಹಾಗಿಲ್ಲ, ಮಾತಾಡೋ ಹಾಗಿಲ್ಲ."

ಕೊನೆಯ ಮಾತು ಕೇಳಿ ನಮ್ಮ ಯಜಮಾನರು ಕುರ್ಚಿಯಲ್ಲಿ ನೆಟ್ಟಗೆ ಕೂತರು. "ದಿನಕ್ಕೆ ಎಷ್ಟು ಸಲ ಮೇಡಂ?"

"ನಾಲ್ಕು."

"ಜಾಸ್ತಿ ಮಾಡಿದ್ರೆ ತೊಂದ್ರೆ ಇಲ್ವಾ?"

ನಾನು ಇನ್ನೊಂದು ಪ್ರಶ್ನೆ ಕೇಳಿದೆ. ಹಚ್ಚುವುದರ ಬದಲು ಅದರ ಮಾತ್ರೆಯನ್ನೇ ನುಂಗಿದರೆ ಬೇಗ ಆಗುವುದಿಲ್ಲವೇ ಎಂದು. ಡಾಕ್ಟರಮ್ಮ ಬೆರಳೆತ್ತಿದರು. "ಅದೊಂದು ಮಾಡ್ಬೇಡಿ. ಟ್ರೀಟ್‌ಮೆಂಟ್ ನಡೀವಾಗ ಆ ಮಾತ್ರೆ ನುಂಗಿದ್ರೆ ಒಳ್ಳೆ ಚರ್ಮದ ಜೊತೆ ಗಂಟಿಗೂ ಕಾವಲು ಕೊಟ್ಟ ಹಾಗಾಗ್ಬೋದು ಅನ್ನೋ ಭಯ ಇದೆ. ನೀವಾಗೇ ಏನೂ ಮಾಡ್ಬೇಡಿ, ನನ್ನ ಕೇಳಿ." ನೀವಾಗೇ ಏನೂ ಮಾಡಬೇಡಿ. ಈ ಮೂರು ಪದ ನನ್ನ ಕಿವಿಗೆ ಬಿತ್ತು. ಬುದ್ಧಿಗೆ ತಲುಪಲು ಹತ್ತು ದಿನ ಬೇಕಾಯಿತು.

ಮನೆಗೆ ಬಂದ ಮೇಲೆ ಆಂಟಿಆಕ್ಸಿಡೆಂಟ್ ಎಂದರೇನು ಎಂಬ ಚರ್ಚೆ ನಡೆಯಿತು. ಸೊಸೆ ಪೀಣ್ಯದಲ್ಲಿ ರಬ್ಬರ್ ವಾಷರ್ ಮಾಡುವ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. "ಅಯ್ಯೋ ಅತ್ತೆ, ನಾವು ದಿನಾ ರಬ್ಬರಿಗೆ ಹಾಕೋದೂ ಆಂಟಿಆಕ್ಸಿಡೆಂಟೇ. ಬೇರೆ ಪುಡಿ, ಕೆಲ್ಸ ಅದೇ. ಅದಿಲ್ದಿದ್ರೆ ರಬ್ಬರ್ ಗಾಳಿಗೆ ಒಣಗಿ ಬಿರುಕು ಬಿಡುತ್ತೆ" ಎಂದಳು. ಯಜಮಾನರು, ಸರ್ಕಾರಿ ಮೆಷಿನ್ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಇನ್ಸ್‌ಪೆಕ್ಟರ್ ಆಗಿದ್ದವರು, "ಅಂದ್ರೆ ತುಕ್ಕು ಹಿಡೀದೆ ಇರ್ಲಿ ಅಂತ ನಾವು ಬಳೀತಿದ್ವಲ್ಲ ಎಣ್ಣೆ, ಅದ್ರ ಥರ" ಎಂದರು. ನಾನು ಸುಮ್ಮನಿದ್ದೆ, ಜೆಲ್ ಹಚ್ಚಿಕೊಂಡಿದ್ದೆ. ಆದರೆ ತಲೆ ಸುಮ್ಮನಿರಲಿಲ್ಲ. ಬಾಳೆಕಾಯಿ ಹೆಚ್ಚಿದ ತಕ್ಷಣ ಮಜ್ಜಿಗೆ ನೀರಿಗೆ ಹಾಕುತ್ತೇವಲ್ಲ, ಏಕೆ? ಗಾಳಿಗೆ ಕಪ್ಪಾಗದಿರಲಿ ಎಂದು. ಉಪ್ಪಿನಕಾಯಿ ಜಾಡಿಯಲ್ಲಿ ಮೇಲೆ ಎಣ್ಣೆ ನಿಲ್ಲಿಸುತ್ತೇವಲ್ಲ, ಏಕೆ? ಗಾಳಿ ಸೋಕದಿರಲಿ ಎಂದು. ಐವತ್ತು ವರ್ಷದಿಂದ ನಾನು ಮಾಡುತ್ತಾ ಬಂದಿರುವ ಕೆಲಸಕ್ಕೆ ಇಷ್ಟು ಉದ್ದದ ಇಂಗ್ಲಿಷ್ ಹೆಸರಿದೆ ಎಂದು ತಿಳಿದಾಗ ನನಗಾದ ಹೆಮ್ಮೆ ಕೇಳಬೇಡಿ. ಬಾಳೆಕಾಯಿಗೂ ರಬ್ಬರಿಗೂ ನನ್ನ ನಾಲಿಗೆಗೂ ಒಬ್ಬನೇ ಶತ್ರು!

ಯಜಮಾನರು ಮಾರನೆಯ ದಿನವೇ ಫ್ರಿಜ್ಜಿನ ಬಾಗಿಲಿಗೆ ಒಂದು ಚಾರ್ಟ್ ಅಂಟಿಸಿದರು. ಕಾರ್ಖಾನೆಯಲ್ಲಿ ಪ್ರತಿ ಮೆಷಿನ್ನಿಗೂ ಎಣ್ಣೆ ಹಾಕುವ ಚಾರ್ಟ್ ಇರುತ್ತದೆ, ಯಾವ ಹೊತ್ತಿಗೆ, ಯಾವ ಜಾಗಕ್ಕೆ, ಯಾರು ಹಾಕಿದರು, ಸಹಿ. ಅದರ ಪಡಿಯಚ್ಚು. ಬಲ ಕೆನ್ನೆ, ಎಡ ಕೆನ್ನೆ, ನಾಲಿಗೆ ಮೇಲೆ, ನಾಲಿಗೆ ಕೆಳಗೆ, ಒಟ್ಟು ನಾಲ್ಕು ಪಾಯಿಂಟು. ರೇಡಿಯೇಷನ್‌ಗೆ ಮೊದಲು ಹಚ್ಚಕೂಡದೆಂದು ಕೆಂಪು ಗೆರೆ. ಸೋಮವಾರದ ತೂಕಕ್ಕೆ ಬೇರೆ ಕಾಲಮ್ಮು. ಟಾರ್ಚ್ ಹಿಡಿದು "ಬಾಯಿ ತೆಗಿ" ಎನ್ನುವರು, ಇಣುಕುವರು, ಬರೆಯುವರು. ನಾನೊಂದು ಲೇತ್ ಮೆಷಿನ್ ಆಗಿಬಿಟ್ಟೆ. ಮದುವೆಯಾಗಿ ನಲವತ್ತಾರು ವರ್ಷಕ್ಕೆ ಈ ಮನುಷ್ಯ ನನ್ನನ್ನು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ, ನನಗದು ಇಷ್ಟವಾಯಿತು.

ಇಷ್ಟವಾಗದ್ದು ಮೌನ. ಮೌನದಲ್ಲಿ ಕೂತ ಮೇಲೆ ತಿಳಿಯಿತು, ಈ ಮನೆಯಲ್ಲಿ ಎಷ್ಟೊಂದು ತಪ್ಪು ನಡೆಯುತ್ತದೆ! ಯಜಮಾನರು ಒಗೆದ ಬಟ್ಟೆಯನ್ನು ಕೊಡವದೆ ಒಣಗಹಾಕುತ್ತಾರೆ. ಮೊಮ್ಮಗಳು ದೋಸೆಯ ಅಂಚನ್ನು ಕಿಟಕಿಯಿಂದ ಕಾಗೆಗೆ ಎಸೆಯುತ್ತಾಳೆ. ಇದನ್ನೆಲ್ಲ ಹೇಳದೆ ಇರುವುದೆಂದರೆ ಸೀನು ತಡೆದ ಹಾಗೆ. ಹಾಗಾಗಿ ಎದುರು ಕುರ್ಚಿಯಲ್ಲಿ ಕೂತ ಗಂಡನಿಗೇ ಮೆಸೇಜ್ ಕಳಿಸತೊಡಗಿದೆ. ಅವರ ಫೋನು ಟಿಂಗ್ ಎನ್ನುವುದು, ಕನ್ನಡಕ ಹುಡುಕುವರು, ಓದುವರು, ನನ್ನನ್ನು ನೋಡುವರು. "ಪ್ಯಾಂಟು ಕೊಡವಿ" ಎಂದು ಓದಲು ಅವರಿಗೆ ಮೂರು ನಿಮಿಷ. ಅಷ್ಟು ಹೊತ್ತಿಗೆ ಪ್ಯಾಂಟು ಮುದುಡಿಕೊಂಡೇ ಒಣಗಿರುತ್ತಿತ್ತು.

ಒಂದು ವಾರದಲ್ಲಿ ಉರಿ ಒಂದಿಷ್ಟು ಕಡಿಮೆಯಾಯಿತು. ತಣ್ಣನೆಯ ರಾಗಿ ಅಂಬಲಿ ಗಂಟಲಲ್ಲಿ ಇಳಿಯಿತು. ಇಲ್ಲಿಗೆ ನಿಲ್ಲಿಸಿದ್ದರೆ ನಾನು ಜಾಣೆ. ಆದರೆ ನನ್ನ ತಲೆಯಲ್ಲಿ ಬಾಳೆಕಾಯಿ ಕೂತಿತ್ತಲ್ಲ! ಸುಮಾ ಹಿಂದಿನ ದಿನವೇ ಹೇಳಿದ್ದಳು, ನೆಲ್ಲಿಕಾಯಲ್ಲಿ ಆಂಟಿಆಕ್ಸಿಡೆಂಟ್ ತುಂಬಿ ತುಳುಕುತ್ತದೆ ಎಂದು. ನಾನು ಲೆಕ್ಕ ಹಾಕಿದೆ. ಕಿರುಬೆರಳುದ್ದದ ಜೆಲ್ಲೇ ಇಷ್ಟು ಕೆಲಸ ಮಾಡಿದರೆ ಒಂದು ಬೊಗಸೆ ನೆಲ್ಲಿಕಾಯಿ ಎಷ್ಟು ಮಾಡಬೇಡ? ಡಾಕ್ಟರಮ್ಮ ನುಂಗಬೇಡಿ ಎಂದಿದ್ದಾರೆ, ಸರಿ. ಹಚ್ಚಬೇಡಿ ಎಂದಿಲ್ಲವಲ್ಲ. ಗಾಡಿಯವನ ಹತ್ತಿರ ನೆಲ್ಲಿಕಾಯಿ ತೆಗೆದುಕೊಂಡೆ. ಯಜಮಾನರು ಗಿಡಕ್ಕೆ ನೀರು ಹಾಕಲು ಹೋದ ಸಮಯ ನೋಡಿ ತುರಿದೆ, ಹಿಂಡಿದೆ, ಹತ್ತಿ ಅದ್ದಿ ನಾಲಿಗೆಯ ಮೇಲೆ ಇಟ್ಟೆ.

ಮೆಣಸಿನಕಾಯಿ ಮಂಡಿಗೆ ಬೆಂಕಿ ಬಿದ್ದರೆ ಹೇಗಿರುತ್ತದೆ? ಆ ಮಂಡಿ ನನ್ನ ಬಾಯಿ. ನಾನು ಅಡಿಗೆಮನೆಯಲ್ಲಿ ಎರಡು ಸುತ್ತು ಕುಣಿದೆ. ಪಾತ್ರೆ ಬಿದ್ದ ಸದ್ದಿಗೆ ಯಜಮಾನರು ಓಡಿಬಂದರು. "ಏನಾಯ್ತೇ?" ನಾನು ಫೋನ್ ಎತ್ತಿ ಒತ್ತಿ ತೋರಿಸಿದೆ, "ಇರುವೆ ಕಚ್ಚಿತು."

"ಎಲ್ಲಿ?"

ಬಾಯಿ ತೋರಿಸಿದೆ.

"ಬಾಯೊಳಗೆ ಇರುವೆನಾ?"

ಬಾಯೊಳಗೇಕೆ ಇರುವೆ ಹೋಯಿತು ಎಂದು ಅವರು ಟಾರ್ಚ್ ಹಿಡಿದು ಅರ್ಧ ಗಂಟೆ ಹುಡುಕಿದರು. ಪಾಪ ಅನ್ನಿಸಿತು, ಆದರೆ ನಿಜ ಹೇಳುವಷ್ಟು ಅನ್ನಿಸಲಿಲ್ಲ.

ಮುಂದಿನ ಮೂರು ದಿನ ನೀರೂ ಇಳಿಯಲಿಲ್ಲ. ಅಂಬಲಿ ಲೋಟ ಹಾಗೇ ಇರುತ್ತಿತ್ತು, ಯಾರೂ ನೋಡದಾಗ ತುಳಸಿ ಬುಡಕ್ಕೆ. ಭಾನುವಾರ ಮನೆಯ ತಕ್ಕಡಿಯ ಮೇಲೆ ನಿಂತು ನೋಡಿದೆ. ನಲವತ್ತೊಂಬತ್ತೂವರೆ! ಮಾರನೆಯ ದಿನ ಆಸ್ಪತ್ರೆಯಲ್ಲಿ ತೂಕ. ಕಣ್ಣ ಮುಂದೆ ಮೂಗಿನ ಟ್ಯೂಬು ಹಾವಿನ ಹಾಗೆ ಹೆಡೆ ಎತ್ತಿತು.

ಆಗ ನನಗೆ ಬುಷ್ಷಿನ ನೆನಪಾಯಿತು. ಬುಷ್ ಎಂದರೆ ಮೆಷಿನ್ನಿನೊಳಗೆ ತಿರುಗುವ ಕಂಬಿಗೆ ತೊಡಿಸುವ ದಪ್ಪ ಹಿತ್ತಾಳೆಯ ಬಳೆ. ಯಜಮಾನರು ಕೆಲಸ ಕಲಿಯುವ ವಯಸ್ಸಿನಲ್ಲಿ ತಮ್ಮ ಕೈಯಾರೆ ಕಡೆದ ಮೊದಲ ಹನ್ನೆರಡು ಬುಷ್‌ಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದಾರೆ. ಅಳತೆಯಲ್ಲಿ ಕೂದಲಷ್ಟು ಹೆಚ್ಚಾಯಿತೆಂದು ಅವನ್ನು ಮೇಷ್ಟ್ರು ತಿರಸ್ಕರಿಸಿದ್ದರಂತೆ. ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಮಾತ್ರ ಡಬ್ಬಿ ಹೊರಗೆ ಬರುತ್ತದೆ. ಹನ್ನೆರಡೂ ಸೇರಿದರೆ ಒಂದು ಕೆಜಿಗೆ ಕಡಿಮೆಯಿಲ್ಲ. ಬೀರುವಿನಿಂದ ನನ್ನ ಕೆಂಪು ಸಂಚಿ ತೆಗೆದೆ. ಅದರಲ್ಲಿ ಹಳೆಯ ಅಡಿಕೆ ಇನ್ನೂ ಇತ್ತು. ಅಡಿಕೆ ಡಬ್ಬಿಗೆ, ಬುಷ್ ಸಂಚಿಗೆ. ಅಲ್ಲಾಡಿಸಿದರೆ ಡಬ್ಬಿ ಸದ್ದು ಮಾಡಲಿ ಎಂಬ ಮುಂದಾಲೋಚನೆ! ಸೋಮವಾರ ಸಂಚಿಯನ್ನು ಲಂಗದ ಲಾಡಿಗೆ ಕಟ್ಟಿ, ಮೇಲೆ ಸೀರೆಯ ನೆರಿಗೆ ಇಳಿಬಿಟ್ಟು, ಗರ್ಭಿಣಿಯ ನಡಿಗೆಯಲ್ಲಿ ತಕ್ಕಡಿ ಹತ್ತಿದೆ. ಐವತ್ತೂವರೆ. ಡಾಕ್ಟರಮ್ಮ "ಪರವಾಗಿಲ್ಲ" ಎಂದರು. ಯಜಮಾನರು ಮನೆಗೆ ಬಂದು ಚಾರ್ಟಿನಲ್ಲಿ ನೀಟಾಗಿ ಬರೆದು ಸಹಿ ಮಾಡಿದರು. ಆ ಸಹಿ ನೋಡಿದಾಗ ನೆಲ್ಲಿಕಾಯಿಗಿಂತ ಸ್ವಲ್ಪ ಹೆಚ್ಚೇ ಉರಿಯಿತು.

ಬುಷ್‌ಗಳನ್ನು ಸೀದಾ ಡಬ್ಬಿಗೆ ಹಾಕಿಬಿಡಬೇಕಿತ್ತು. ಮುಂದಿನ ಸೋಮವಾರಕ್ಕೂ ಬೇಕಾದೀತು ಎಂದು ಸಂಚಿಯಲ್ಲೇ ಬಿಟ್ಟೆ. ಆದರೆ ಅದೇ ವಾರ ಬುಧವಾರವೇ ಆಯುಧ ಪೂಜೆ. ಈ ಭಾಗದಲ್ಲಿ ಆಯುಧ ಪೂಜೆಯನ್ನು ಮರೆಯುವುದು ಎಂದರೆ ಸೂರ್ಯನನ್ನು ಮರೆತ ಹಾಗೆ. ಬೆಳಿಗ್ಗೆಯಿಂದಲೇ ಪೀಣ್ಯದ ಕಡೆಯ ಗಾಡಿಗಳೆಲ್ಲ ಬಾಳೆಕಂದು ಕಟ್ಟಿಕೊಂಡು ಓಡುತ್ತವೆ, ರಸ್ತೆಯ ತುಂಬ ಒಡೆದ ಬೂದುಗುಂಬಳ. ನಾನು ಮರೆತಿದ್ದೆ. ಜೆಲ್ ಹಚ್ಚಿಕೊಂಡು ಕೂತು ಹತ್ತು ನಿಮಿಷವಾಗಿತ್ತು. ಯಜಮಾನರು ಮಡಿ ಪಂಚೆ ಉಟ್ಟು ಸ್ಪ್ಯಾನರ್, ಸುತ್ತಿಗೆ, ವರ್ನಿಯರ್ ಎಲ್ಲ ಸಾಲಾಗಿ ಜೋಡಿಸಿ ಕುಂಕುಮ ಇಟ್ಟರು. ನನ್ನ ಜೆಲ್ ಟ್ಯೂಬಿಗೂ ಟಾರ್ಚಿಗೂ ಇಟ್ಟರು. ಆಮೇಲೆ ಡಬ್ಬಿ ಎತ್ತಿದರು.

"ಯಾಕೆ ಹಗುರ ಇದೆ?"

ಮುಚ್ಚಳ ತೆಗೆದರು. ಅಡಿಕೆ. ಒಂದನ್ನು ತೆಗೆದು, ನಂಬಿಕೆಯಾಗದೆ, ವರ್ನಿಯರ್‌ನಲ್ಲಿ ಹಿಡಿದು ಅಳೆದೂ ನೋಡಿದರು. ಅವರ ಕಸುಬು ಹಾಗೆ, ಅಳೆಯದೆ ಸಿಟ್ಟನ್ನೂ ಮಾಡುವುದಿಲ್ಲ.

"ಕಮಲಾ, ನನ್ ಬುಷ್ಷು ಅಡಿಕೆ ಹೇಗಾಯ್ತು?"

ನಾನು ಬಾಯಿ ತೆರೆಯಲು ಹೋದೆ. ಅವರು ಕೈ ಅಡ್ಡ ಮಾಡಿ ಗಡಿಯಾರ ನೋಡಿದರು. "ಮಾತಾಡ್ಬೇಡ. ಇನ್ನೂ ಇಪ್ಪತ್ತು ನಿಮಿಷ ಇದೆ. ಕಾಯ್ತೀನಿ."

ಊದುಬತ್ತಿಯ ಹೊಗೆಯ ಆಚೆ ಅವರು, ಈಚೆ ನಾನು, ಮಧ್ಯೆ ಕುಂಕುಮ ಇಟ್ಟುಕೊಂಡ ಸುತ್ತಿಗೆ. ಅಷ್ಟು ಉದ್ದದ ಇಪ್ಪತ್ತು ನಿಮಿಷ ನನ್ನ ಜೀವನದಲ್ಲಿ ಬಂದಿಲ್ಲ. ಐದು ನಿಮಿಷಕ್ಕೆ ಸೋತು ಫೋನ್ ತೆಗೆದುಕೊಂಡೆ. ನೆಲ್ಲಿಕಾಯಿ, ಇರುವೆ, ತುಳಸಿ ಬುಡ, ಸಂಚಿ, ತಕ್ಕಡಿ, ಎಲ್ಲವನ್ನೂ ಟೈಪ್ ಮಾಡಿದೆ. ಅದು ನಾನು ಬರೆದ ಮೊದಲ ಉದ್ದದ ಬರಹ. ಟಿಂಗ್ ಎಂದಿತು. ಕನ್ನಡಕ ಹಾಕಿಕೊಂಡು ಓದಿದರು. ಬಹಳ ಹೊತ್ತು ಓದಿದರು. ಆಮೇಲೆ ಎದ್ದು ಹೋಗಿ ಫ್ರಿಜ್ಜಿನ ಮೇಲಿದ್ದ ಸೋಮವಾರದ ಐವತ್ತೂವರೆಯನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದರು.

"ಮೂವತ್ತೆರಡು ವರ್ಷದಲ್ಲಿ ಒಂದು ಸುಳ್ಳು ರೀಡಿಂಗಿಗೆ ಸಹಿ ಹಾಕ್ಲಿಲ್ಲ ಕಣೇ" ಎಂದರು. ಪೆನ್ನಿಗೆ ಮುಚ್ಚಳ ಹಾಕುತ್ತಾ, "ನೀನು ಒಂದು ಕೆಜಿ ಕಮ್ಮಿಯಾದ್ರೆ ನಂಗೆ ಗೊತ್ತಾಗ್ಬೇಕೋ ಬೇಡ್ವೋ?" ಎಂದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಶುಕ್ರವಾರ ಡಾಕ್ಟರಮ್ಮನ ಮೇಜಿನ ಮೇಲೆ ಸಂಚಿ ಬಿಚ್ಚಿದೆ. ಹನ್ನೆರಡು ಬುಷ್ ಟಣಟಣ ಎಂದವು. ಅವರು ಮೊದಲು ನಕ್ಕರು, ಆಮೇಲೆ ನಗು ನಿಂತಿತು. "ಅಮ್ಮ, ಡ್ರಿಪ್ಪಲ್ಲಿ ಎಷ್ಟು ಔಷಧಿ ಹೋಗ್ಬೇಕು ಅಂತ ನಿಮ್ಮ ತೂಕ ನೋಡಿ ಲೆಕ್ಕ ಹಾಕ್ತೀವಿ. ಮುಖದ ಜಾಲರಿ ಸಡಿಲ ಆಯ್ತಾ ಅಂತಾನೂ ತೂಕದಿಂದ್ಲೇ ಅನುಮಾನ ಪಡ್ತೀವಿ. ಈಗ ಹೇಳಿ, ಯಾರಿಗೆ ಮೋಸ ಮಾಡಿದ್ರಿ?" ತಕ್ಕಡಿ ಹತ್ತಿಸಿದರು. ನಲವತ್ತೊಂಬತ್ತೂವರೆ. "ಒಂದು ವಾರ ಟೈಮ್ ಕೊಡ್ತೀನಿ. ಇದಕ್ಕಿಂತ ನೂರು ಗ್ರಾಂ ಇಳಿದ್ರೂ ಟ್ಯೂಬ್. ಜೆಲ್ ಬಿಟ್ಟು ಬಾಯಿಗೆ ಬೇರೇನೂ ಮುಟ್ಟಿಸ್ಕೂಡದು." ಊಟಕ್ಕೆ ಮೊದಲು ಬಾಯಿ ಮರಗಟ್ಟಿಸುವ ಒಂದು ಔಷಧಿಯನ್ನೂ ಬರೆದುಕೊಟ್ಟರು. ನೋವಿದೆ ಎಂದು ಮೊದಲೇ ಹೇಳಿದ್ದರೆ ಅದು ಮೊದಲೇ ಸಿಗುತ್ತಿತ್ತಂತೆ.

ಆ ಒಂದು ವಾರ ನಮ್ಮ ಮನೆ ಕಾರ್ಖಾನೆಯಾಯಿತು. ಮುಕ್ಕಳಿಸು, ಹಚ್ಚು, ಸುಮ್ಮನಿರು, ಉಣ್ಣು, ಮತ್ತೆ ಮುಕ್ಕಳಿಸು. ಮಹಡಿಯ ಬಾಡಿಗೆ ಕೋಣೆಯಲ್ಲಿರುವ ನಿಂಗವ್ವ ಬಾಗಲಕೋಟೆ ಕಡೆಯವಳು, ಗಾರ್ಮೆಂಟ್ಸಿನಲ್ಲಿ ಕೆಲಸ. ಶಿಫ್ಟಿಗೆ ಹೋಗುವ ಮೊದಲು ದಿನಾ ಒಂದು ಬಟ್ಟಲು ಹಿಡಿದು ಇಳಿದು ಬರುವಳು. "ಅಮ್ಮಾರ, ಜೋಳದ ನುಚ್ಚು ಮೆತ್ತಗ ಬೇಯಿಸಿ, ಹಾಲಾಗ ಕಲಸಿ, ತಣ್ಣಗ ಮಾಡಿ ತಂದೀನ್ರಿ. ಖಾರ ಇಲ್ಲ, ಹುಳಿ ಇಲ್ಲ. ಸುಮ್ನ ನುಂಗ್ರಿ" ಎನ್ನುವಳು. ನಾನು ಮುಖ ತಿರುಗಿಸಿದರೆ, "ತುಳಸಿಗಿಡಕ್ಕ ಹಾಕಬ್ಯಾಡ್ರಿ ಮತ್ತ. ಅದು ದಪ್ಪ ಆಗೇತಿ, ನೀವು ಸಣ್ಣ ಆಗೀರಿ." ಸುದ್ದಿ ಮಹಡಿಯವರೆಗೂ ಹೋಗಿತ್ತು! ರುಚಿ ಏನೂ ಗೊತ್ತಾಗುತ್ತಿರಲಿಲ್ಲ. ಅವಳು ನಿಂತೇ ಇರುವಳು, ಬಟ್ಟಲು ಖಾಲಿಯಾಗುವವರೆಗೆ. ನಾಚಿಕೆಯಿಂದಲೇ ಅರ್ಧ ನುಂಗಿದೆ.

ಮುಂದಿನ ಶುಕ್ರವಾರ ತಕ್ಕಡಿ ಹತ್ತುವ ಮೊದಲು ಯಜಮಾನರು "ಸೆರಗು ಕೊಡವು" ಎಂದರು. ಕೊಡವಿದೆ. ಬಳೆ, ಚಪ್ಪಲಿ ಬಿಚ್ಚಿದೆ. ಮೂಗುಬೊಟ್ಟಿಗೂ ಕೈ ಹಾಕಿದ್ದೆ, ನರ್ಸ್ "ಸಾಕು ಅಜ್ಜಿ!" ಎಂದಳು. ಕಣ್ಣು ಮುಚ್ಚಿ ನಿಂತೆ. ಯಜಮಾನರು ಬಗ್ಗಿ ನೋಡಿ, ಕನ್ನಡಕ ಒರೆಸಿ, ಮತ್ತೆ ಬಗ್ಗಿ ನೋಡಿದರು.

"ನಲವತ್ತೊಂಬತ್ತು ಪಾಯಿಂಟ್ ಎಂಟು. ಏರಿದೆ!"

ಮುನ್ನೂರು ಗ್ರಾಂ! ಅಷ್ಟು ತೂಕದ ಹೂಕೋಸನ್ನು ನಾನು ಗಾಡಿಯವನಿಗೆ "ಇದೇನಪ್ಪಾ ಇಷ್ಟು ಚಿಕ್ಕದು" ಎಂದು ಬೈದು ವಾಪಸ್ಸು ಕೊಟ್ಟಿದ್ದೇನೆ. ಅವತ್ತು ಅದೇ ಮುನ್ನೂರು ಗ್ರಾಮಿಗೆ ಇಬ್ಬರು ಮುದುಕರು ಆಸ್ಪತ್ರೆಯ ಮಧ್ಯೆ ನಿಂತು ಹಲ್ಲು ಕಿರಿದೆವು. ಟ್ಯೂಬು ಬರಲಿಲ್ಲ. ಚಿಕಿತ್ಸೆ ಒಂದು ದಿನವೂ ನಿಲ್ಲದೆ ಮುಗಿಯಿತು. ಹುಣ್ಣು ಕಡೆಯ ವಾರದಲ್ಲಿ ಮತ್ತೊಮ್ಮೆ ಕೆರಳಿ, ಆಮೇಲೆ ಮೆಲ್ಲಮೆಲ್ಲಗೆ ಆರಿತು.

ಜೆಲ್ಲಿಂದ ಆರಿತೇ? ನಾನು ಡಾಕ್ಟರಮ್ಮನನ್ನು ಕೇಳಿದೆ. "ಜೆಲ್ಲೂ ಇರ್ಬೋದು, ಉಪ್ಪು ನೀರೂ ಇರ್ಬೋದು, ದಿನ ಕಳೆದಿದ್ದೂ ಇರ್ಬೋದು. ಬಿಡಿಸಿ ಹೇಳೋದು ಕಷ್ಟ ಅಮ್ಮ" ಎಂದರು. ಆ ಪ್ರಾಮಾಣಿಕತೆ ನನಗೆ ಹಿಡಿಸಿತು. ಹುಳಿಯ ರುಚಿ ಬೇಳೆಯಿಂದ ಬಂತೋ ಒಗ್ಗರಣೆಯಿಂದ ಬಂತೋ ಎಂದು ಕೇಳಿದರೆ ನಾನೂ ಹಾಗೇ ಹೇಳುತ್ತೇನೆ. ನಿಂಗವ್ವನ ನುಚ್ಚನ್ನು ಯಾವ ಲೆಕ್ಕಕ್ಕೆ ಹಾಕುವುದು? ಇಪ್ಪತ್ತು ನಿಮಿಷ ಸಿಟ್ಟು ಹಿಡಿದುಕೊಂಡು ಕಾದ ಗಂಡನನ್ನು? ರಬ್ಬರ್ ಬಿರುಕು ಬಿಡದೆ ಇರಲು ಪುಡಿ ಒಂದೇ ಸಾಲದು, ಸರಿಯಾಗಿ ಬೆರೆಸುವವರೂ ಬೇಕು ಎಂದು ಸುಮಾ ಹೇಳುತ್ತಾಳೆ. ಅವಳ ಲ್ಯಾಬಿನ ಮಾತು ನನಗೆ ಈಗೀಗ ಅರ್ಥವಾಗುತ್ತಿದೆ.

ಮೊನ್ನೆ ಮೊದಲ ಸಲ ತಿಳಿಸಾರು ಉಂಡೆ. ನಾಲಿಗೆಯ ತುದಿಯಲ್ಲಿ, ದೂರದ ಊರಿನಿಂದ ಯಾರೋ ಕೂಗಿದ ಹಾಗೆ, ಉಪ್ಪು ಕೇಳಿಸಿತು. "ರೀ, ಸಾರಿಗೆ ಉಪ್ಪು ಜಾಸ್ತಿ!" ಎಂದು ಕಿರುಚಿದೆ. ಸಾರು ಮಾಡಿದವರು ಯಜಮಾನರೇ. ಅಷ್ಟು ಸಂತೋಷದಿಂದ ಬೈಸಿಕೊಂಡ ಗಂಡಸನ್ನು ನಾನು ಬೇರೆಲ್ಲೂ ನೋಡಿಲ್ಲ.

ಈಗ ಬೆಳಗಿನ ಸುದ್ದಿ. ಇವತ್ತು ಸುಮಾ ಜೊತೆ ಆಸ್ಪತ್ರೆಗೆ ಹೋಗಿದ್ದೆ. ಯಜಮಾನರು ಮೊಮ್ಮಗಳನ್ನು ಶಾಲೆಗೆ ಬಿಡಬೇಕಿದ್ದರಿಂದ ಮನೆಯಲ್ಲೇ ಉಳಿದರು. ಡಾಕ್ಟರಮ್ಮ ಬಾಯೊಳಗೆ ನೋಡಿ, ಸ್ಕ್ಯಾನ್ ನೋಡಿ, "ಗಂಟು ಕಾಣಿಸ್ತಿಲ್ಲ ಅಮ್ಮ. ಹುಣ್ಣೂ ಇಲ್ಲ. ಮೂರು ತಿಂಗಳು ಬಿಟ್ಟು ಬನ್ನಿ" ಎಂದರು. ಆಮೇಲೆ ತಕ್ಕಡಿ. ಐವತ್ತೆರಡು! ನನಗೆ ಮನೆಗೆ ಹೋಗುವವರೆಗೆ ತಡೆಯಲಾಗಲಿಲ್ಲ. ತಕ್ಕಡಿಯ ಮೇಲೆ ನಿಂತಂತೆಯೇ, ನರ್ಸ್ ಇಳಿಯಿರಿ ಇಳಿಯಿರಿ ಎನ್ನುತ್ತಿದ್ದರೂ ಕೇಳದೆ, ಒಂದೇ ಬೆರಳಲ್ಲಿ ಟೈಪ್ ಮಾಡಿ ಯಜಮಾನರಿಗೆ ಕಳಿಸಿದೆ: "ಗಂಟು ಇಲ್ಲ. ಹುಣ್ಣು ಇಲ್ಲ. ಐವತ್ತೆರಡು ಕೆಜಿ!!!"

ಇಷ್ಟು ದಿನ ನನ್ನ ಒಂದು ಮೆಸೇಜಿಗೂ ಅವರು ಉತ್ತರ ಬರೆದವರಲ್ಲ, ಎದುರೇ ಇದ್ದೇನಲ್ಲ ಎನ್ನುತ್ತಿದ್ದರು. ಇವತ್ತು ಮೊದಲ ಸಲ ನನ್ನ ಫೋನು ಟಿಂಗ್ ಎಂದಿತು.

"ತಡಿ. ಮೊದ್ಲು ಡಬ್ಬಿ ತೆಗೆದು ಬುಷ್ ಎಣಿಸ್ತೀನಿ. ಹನ್ನೆರಡೂ ಇದ್ರೆ ಕುಣೀತೀನಿ."